ಒಲೆಯಿಲ್ಲದ ಅಂಗಡಿಯಲ್ಲಿ ಅಮ್ಮ

ಬರ್ಲಿನ್ನಿನ ಕ್ರೊಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ, ನಮ್ಮ ಬೀದಿಯ ಮೂಲೆಯಲ್ಲೇ, ಒಳಗೆ ಒಬ್ಬರು ಕೊಡೆ ಬಿಚ್ಚಿದರೆ ಉಳಿದವರೆಲ್ಲ ಹೊರಗೆ ನಿಲ್ಲಬೇಕಾದಷ್ಟು ಚಿಕ್ಕದಾದ ಚೀ ಕೊಫ್ತೆ ಎಂಬ ತುರ್ಕಿ ತಿಂಡಿಯ ಅಂಗಡಿಯೊಂದಿದೆ. ತುರ್ಕಿಯೊಂದಿಗಿನ 1961ರ ಕಾರ್ಮಿಕ ಒಪ್ಪಂದದ ನಂತರ ಕೆಲಸಕ್ಕೆಂದು ಜರ್ಮನಿಗೆ ಬಂದ ತುರ್ಕರಲ್ಲಿ ಬಹಳ ಮಂದಿ ನೆಲೆಯೂರಿದ ಜಾಗವಾದ್ದರಿಂದ ಇಲ್ಲಿ ಕಬಾಬಿಗೆ ಬರವಿಲ್ಲ. ಈ ಅಂಗಡಿಯಲ್ಲಿ ಮಾತ್ರ ಮಾಂಸವೂ ಇಲ್ಲ, ಒಲೆಯೂ ಇಲ್ಲ.

ಮೈಸೂರಿನಿಂದ ಬಂದಿದ್ದ ಅಮ್ಮ, ಗಾಜಿನ ಹಿಂದೆ ಗುಡ್ಡೆ ಹಾಕಿದ್ದ ಕಡುಗೆಂಪು ಮುದ್ದೆಯನ್ನು ನೋಡಿ ಬಾಗಿಲಲ್ಲೇ ನಿಂತಳು. ಅದು ಸಣ್ಣ ಗೋಧಿನುಚ್ಚನ್ನು ಟೊಮೆಟೊ, ಈರುಳ್ಳಿ ಮತ್ತು ತುರ್ಕಿಯ ಊರ್ಫಾ ಸೀಮೆಯ ಇಸೋತ್ ಎಂಬ ಕಪ್ಪು ಮೆಣಸಿನಕಾಯಿ ಪುಡಿಯೊಂದಿಗೆ, ಬೆಂಕಿ ತೋರಿಸದೆ, ನುಚ್ಚು ಮೆತ್ತಗಾಗುವವರೆಗೂ ನಾದಿ ಮಾಡುವ ತಿಂಡಿಯೆಂದೂ, ಹಿಂದೆ ಹಸಿಮಾಂಸ ಹಾಕುತ್ತಿದ್ದರೂ ಅಂಗಡಿಗಳಲ್ಲಿ ಹಾಗೆ ಮಾರಬಾರದೆಂದು ತುರ್ಕಿಯಲ್ಲಿ ಆರೋಗ್ಯದ ನಿಯಮವೇ ಇದೆಯೆಂದೂ ನಾನು ವಿವರಿಸಿದೆ.

“ಅಂದ್ರೆ ಮೊದಲು ಹಾಕ್ತಿದ್ರು!” ಎಂದಳು ಅಮ್ಮ. ನಿಯಮದ ಮಾತು ಅವಳ ಕಿವಿಯವರೆಗೆ ತಲುಪಲೇ ಇಲ್ಲ.

ಅನುಮಾನದ ಧಾಟಿಗೆ ಭಾಷೆ ಬೇಕಿಲ್ಲವಲ್ಲ. ಅಂಗಡಿಯಾತ ತಾನೇ ಮುಂದೆ ಬಂದು, ಹದ ಬಂದಿದೆಯೇ ಎಂದು ನೋಡಲು ತಮ್ಮ ಕಡೆ ಒಂದು ತುಂಡನ್ನು ಸೂರಿಗೆ ಎಸೆಯುತ್ತಾರೆ, ಅಂಟಿಕೊಂಡರೆ ಆಯಿತೆಂದು ಲೆಕ್ಕ ಎಂದು ಕೈಸನ್ನೆ ಸಮೇತ ತಿಳಿಸಿದ. ಅವನ ಉದ್ದೇಶ ಧೈರ್ಯ ತುಂಬುವುದು. ಅಮ್ಮ ಮಾತ್ರ ಸೂರನ್ನು ಒಮ್ಮೆ ಪರೀಕ್ಷಿಸಿ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡಳು.

ತಟ್ಟೆ ಬಂದಾಗ, ಮುಷ್ಟಿಯಲ್ಲಿ ಒತ್ತಿ ಬೆರಳ ಗುರುತು ಮೂಡಿಸಿದ ತುಂಡುಗಳನ್ನು ಕಂಡು “ಬೇಯಿಸೋಕೆ ಮರೆತ ನುಚ್ಚಿನುಂಡೆ ಕಣೇ” ಎಂದಳು; ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಕೇಳಿಲ್ಲ. ಇದನ್ನು ಲೆಟಿಸ್ ಎಲೆಯಲ್ಲಿಟ್ಟು, ನಿಂಬೆ ಹಿಂಡಿ, ದಾಳಿಂಬೆಯ ಗಟ್ಟಿ ಹುಳಿರಸ ಸುರಿದು, ಮಡಿಸಿ ತಿನ್ನಬೇಕು. ಎಲೆ ನಡುನರದ ಉದ್ದಕ್ಕೂ ಸೀಳಿ, ರಸವು ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಸ್ವೆಟರಿನ ತೋಳಿಗೆ ಇಳಿಯಿತು. ಅಮ್ಮ ಚಮಚ ಕೇಳಿದಳು. ಆತ ಅವಮಾನವಾದಂತೆ ಮುಖ ಮಾಡಿ, ಪ್ಲಾಸ್ಟಿಕ್ ಕೈಗವಸು ತೊಟ್ಟು, “ತೇಯ್ಜೆ, ತೇಯ್ಜೆ” ಎನ್ನುತ್ತಾ ತಾನೇ ಒಂದೊಂದನ್ನು ಸುತ್ತಿ ಕೈಗಿತ್ತ. ಅವರ ಭಾಷೆಯಲ್ಲಿ ಚಿಕ್ಕಮ್ಮನೆಂದು ಕರೆಸಿಕೊಂಡ ಮೇಲೆ ಬೇಡವೆನ್ನುವುದು ಹೇಗೆ?

ಇಸೋತ್ ಖಾರ ತಡವಾಗಿ ಏರುತ್ತದೆ. ಏರಿದಾಗ ಅಮ್ಮ ಮಜ್ಜಿಗೆ ಕೇಳಿದಳು. ತುರ್ಕರಿಗೂ ಆಯ್ರಾನ್ ಎಂಬ ಮಜ್ಜಿಗೆಯುಂಟು, ಆದರೆ ಹಾಲಿನ ಸೋಂಕೇ ಇಲ್ಲದ ಈ ಅಂಗಡಿಯಲ್ಲಿ ಸಿಕ್ಕಿದ್ದು ಕಪ್ಪು ಗಜ್ಜರಿಯನ್ನು ಉಪ್ಪುನೀರಿನಲ್ಲಿ ಹುಳಿಬರಿಸಿದ ನೇರಳೆ ಬಣ್ಣದ ಶಲ್ಗಮ್. ಶರಬತ್ತೆಂದು ನಂಬಿ ಅವಳು ಒಂದೇ ಗುಟುಕಿಗೆ ಅರ್ಧ ಲೋಟ ಇಳಿಸಿದಳು. ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ, “ಇದನ್ನ ಕುಡಿಯೋದಲ್ಲ, ಒಗ್ಗರಣೆ ಹಾಕ್ಬೇಕು” ಎಂದಳು.

ಉಳಿದ ಬಾಟಲಿ ಮನೆಗೆ ಬಂದು, ಇಂಗು ಸಾಸಿವೆ ಕಂಡು, ಸಾರಾಯಿತು. ಒಂದು ಡಬ್ಬಿ ಅಂಗಡಿಗೂ ಹೋಯಿತು. ಆತ ರುಚಿ ನೋಡಿ ತಲೆದೂಗಿದ. ಆಮೇಲೆ ನನ್ನ ಕಣ್ಣೆದುರಿಗೇ ಅದಕ್ಕೆ ದಾಳಿಂಬೆ ರಸ ಸುರಿದ.