ಕಡುಬು ತಿಂದು ಕೋಟಕ್ಕೆ ಹೊರಟವರಿಗೆ

ತೀರ್ಥಹಳ್ಳಿ ಕಡೆಯವರು ಶಿವರಾಮ ಕಾರಂತರ ಊರು ನೋಡಲು ಹೊರಟರೆ ಸಾಹಿತ್ಯಕ್ಕಿಂತ ಮೊದಲು ಎದುರಾಗುವುದು ಕಡುಬು. ಬೆಳಿಗ್ಗೆ ಆರು ಕಡುಬು ಇಳಿಸಿ, ಮೇಲೊಂದು ಲೋಟ ಕಾಫಿ ಸುರಿದುಕೊಂಡು ಆಗುಂಬೆ ಘಾಟಿಗೆ ಇಳಿದರೆ, 14 ತಿರುವುಗಳಲ್ಲಿ ಐದನೆಯದಕ್ಕೇ ಕಾರು ನಿಲ್ಲಿಸಬೇಕಾಗುತ್ತದೆ. ತಪ್ಪು ಪೂರ್ತಿ ಕಡುಬಿನದಲ್ಲ, ಹಿಂದಿನ ಸೀಟಿನ ಮೊಬೈಲಿನದೂ ಹೌದು. ಮೊಬೈಲಿಗೆ ನೆಟ್ಟ ಕಣ್ಣು ‘ಸುಮ್ಮನೆ ಕೂತಿದ್ದೇನೆ’ ಅನ್ನುತ್ತದೆ, ಕಿವಿಯೊಳಗಿನ ದ್ರವ ‘ಇಲ್ಲ, ತಿರುಗುತ್ತಿದ್ದೇನೆ’ ಅನ್ನುತ್ತದೆ; ತೀರ್ಪು ಹೊಟ್ಟೆಯದು. ಕಡುಬು ಎರಡಕ್ಕೆ ನಿಲ್ಲಲಿ, ಕಣ್ಣು ದೂರದ ರಸ್ತೆಯ ಮೇಲಿರಲಿ. ವಾಂತಿ ಮಾತ್ರೆಯನ್ನು ಆಗುಂಬೆ ಮುಟ್ಟುವ ಅರ್ಧ ಗಂಟೆ ಮೊದಲೇ ನುಂಗಬೇಕು. ಘಾಟಿ ಶುರುವಾದ ಮೇಲೆ ನುಂಗಿದ ಮಾತ್ರೆ ಕಡುಬಿನ ಜೊತೆಗೇ ಹೊರಗೆ.

ಜುಲೈನಲ್ಲಂತೂ ಹೋಗಬೇಡಿ. ಮಳೆ ನೋಡಲು ಆಗುಂಬೆಯೇ ಸಾಕು. ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ಯಾಂತ್ರಿಕ ದೋಣಿಗಳಿಗೆ 31ರವರೆಗೆ ನಿಷೇಧ. ಬಂಗುಡೆ ಆಸೆಗೆ ಹೋದವರಿಗೆ ಒಣಮೀನೇ ಗತಿ.

1902ರಲ್ಲಿ ಕೋಟದಲ್ಲಿ ಹುಟ್ಟಿ, ಯಕ್ಷಗಾನದ ಮೇಲಿನ ಗ್ರಂಥಕ್ಕೇ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು, ಕೊನೆಗೆ ಸ್ವತಃ ಕುಣಿದೂ ತೋರಿಸಿದ ಕಾರಂತರ ಹೆಸರಿನ ಥೀಮ್ ಪಾರ್ಕ್ ಕೋಟತಟ್ಟಿನಲ್ಲಿದೆ. ಅಲ್ಲಿ ಹತ್ತು ನಿಮಿಷ ಆಗುವಷ್ಟರಲ್ಲಿ ಮಕ್ಕಳದ್ದು “ಅಪ್ಪಯ್ಯ, ಸಮುದ್ರ ಎಲ್ಲಿ?” ರಾಗ. ಕಾರು ಪಡುವಣಕ್ಕೆ ತಿರುಗುತ್ತದೆ. ಡಾಂಬರು ಮುಗಿದಲ್ಲೇ ನಿಲ್ಲಿಸಿದರೆ ಕಥೆಯೇ ಇಲ್ಲ.

ಆದರೆ ಯಾರೂ ನಿಲ್ಲಿಸುವುದಿಲ್ಲ. ಮಲೆನಾಡಿನವರಿಗೆ ಕೆಸರು ಗೊತ್ತು, ಮರಳು ಗೊತ್ತಿಲ್ಲ. ಕೆಸರಿನಡಿ ಗಟ್ಟಿ ನೆಲ ಸಿಕ್ಕೀತು. ಒಣ ಮರಳಿನಡಿ ಇರುವುದು ಇನ್ನಷ್ಟು ಮರಳು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಂಡು, ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಆಮೇಲೆ ನೂಕಿದವರಿಗೆ ಬಾಯಿತುಂಬ ಮರಳು. ಚಕ್ರ ಸುಮ್ಮನೆ ಒಂದು ಸುತ್ತು ತಿರುಗಿದ ಕೂಡಲೇ ಕಾಲು ತೆಗೆಯಿರಿ. ಎಲ್ಲರನ್ನೂ ಇಳಿಸಿ, ಮಂಡಿನೋವಿನ ಅತ್ತೆಯವರನ್ನೂ. ಟಯರಿನ ಗಾಳಿ 32 ಪಿಎಸ್‌ಐನಿಂದ 20ಕ್ಕೆ ಇಳಿಯಲಿ. ಟಯರು ಅಗಲಕ್ಕೆ ಕೂತು ಮರಳಿನ ಮೇಲೆ ತೇಲಿದಂತಾಗುತ್ತದೆ. ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಾಚಿ, ಅಡಿಕೆ ಸೋಗೆ ಹುಡುಕುತ್ತ ಕೂರದೆ ಅಲ್ಲೇ ಬಿದ್ದ ತೆಂಗಿನ ಮಡಲು ಹಾಸಿ, ಎರಡನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ.

ಕಾರು ಎದ್ದ ಖುಷಿಯಲ್ಲಿ ಮರೆಯುವುದು ಗಾಳಿಯನ್ನೇ. ಹೆದ್ದಾರಿಯ ಬಂಕಿನಲ್ಲಿ ಮತ್ತೆ 32 ಮಾಡಿಸಿ. ಮೆತ್ತನೆ ಟಯರಿನಲ್ಲಿ ಘಾಟಿ ಹತ್ತಿದರೆ ಕಾರು ತಿರುವು ತಿರುವಿಗೂ ಓಲಾಡುತ್ತದೆ. ಈ ಸಲ ಐದನೇ ತಿರುವಿನಲ್ಲಿ ಇಳಿಯುವುದು ಬಂಗುಡೆ.