ಒಂದು ಹಿಡಿ ಚಿತ್ರಾನ್ನದಿಂದ ಏನಾಗುತ್ತೆ ಅಂತ ಕೇಳ್ತೀರಲ್ಲ

ಪ್ರತಿ ಬೇಸಿಗೆಯಲ್ಲೂ ಇದೇ ಗೋಳು. ಶಾಲೆಗಳಿಗೆ ರಜೆ ಬಿತ್ತು ಅಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಜನ ಹತ್ತು ಕಾರು ಕಟ್ಟಿಕೊಂಡು ಸ್ಟೇಟ್ ಪಾರ್ಕುಗಳಿಗೆ, ಅಂದರೆ ರಾಜ್ಯ ಸರ್ಕಾರ ಕಾಯುವ ಕಾಡುಗಳಿಗೆ, ಹೊರಡುತ್ತಾರೆ. ಹೊರಡಲಿ, ಕಾಡು ನೋಡಲಿ, ಮಕ್ಕಳಿಗೂ ತೋರಿಸಲಿ. ಆದರೆ ಅವರು ಎದ್ದುಹೋದ ಮೇಲೆ ಪಿಕ್ನಿಕ್ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಚಿತ್ರಾನ್ನದ ಅಗುಳು, ಕಡಲೆಬೀಜ, ಕೋಡುಬಳೆ ಚೂರು, ಮಕ್ಕಳು ಚೆಲ್ಲಿದ ಚಿಪ್ಸ್. ಮೇಜಿನ ತುದಿಯಲ್ಲಿ ಬೇಕೆಂದೇ ಇಟ್ಟ ಒಂದು ಹಿಡಿ ಅನ್ನ. "ಹಕ್ಕಿ ತಿನ್ನಲಿ ಬಿಡಿ, ಪುಣ್ಯ ಬರುತ್ತೆ." ತೆಗೆಯಿರಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಷ್ಟರಿಂದ ಏನಾಗುತ್ತೆ?"

ಏನಾಗುತ್ತೆ ಅಂತ ಹೇಳ್ತೀನಿ, ಪೂರ್ತಿ ಕೇಳಿ.

ಸಾಂತಾ ಕ್ರೂಜ್ ಬೆಟ್ಟಗಳ ಬಿಗ್ ಬೇಸಿನ್, ಪೋರ್ಟೋಲಾ ರೆಡ್‌ವುಡ್ಸ್, ಬುಟಾನೋ ಪಾರ್ಕುಗಳ ಹಳೆಯ ಮರಗಳ ಮೇಲೆ ಮಾರ್ಬಲ್ಡ್ ಮರ್ಲೆಟ್ ಎಂಬ ಕಡಲಹಕ್ಕಿ ಮೊಟ್ಟೆ ಇಡುತ್ತದೆ. ಹೊಟ್ಟೆಪಾಡು ಸಮುದ್ರದಲ್ಲಿ, ಬಾಣಂತನ ಕಾಡಿನಲ್ಲಿ. ಅದು ಎಲ್ಲಿ ಗೂಡು ಮಾಡುತ್ತದೆ ಅನ್ನುವುದೇ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. 1974ರಲ್ಲಿ ಇದೇ ಬಿಗ್ ಬೇಸಿನ್‌ನಲ್ಲಿ ಮರ ಹತ್ತಿದ ಕೆಲಸಗಾರನೊಬ್ಬನ ಕಣ್ಣಿಗೆ ಬಿದ್ದಾಗಲೇ ಗೊತ್ತಾದದ್ದು. ಗೂಡು ಅಂದರೆ ಕಡ್ಡಿ ಕಟ್ಟಿದ ಗೂಡೂ ಅಲ್ಲ. ನೆಲದಿಂದ ಬಹಳ ಎತ್ತರದ ದಪ್ಪ ಕೊಂಬೆ, ಅದರ ಮೇಲಿನ ಪಾಚಿಯಲ್ಲಿ ಒಂದು ಸಣ್ಣ ತಗ್ಗು. ಅದರಲ್ಲಿ ಒಂದೇ ಒಂದು ಮೊಟ್ಟೆ. ಗಂಡು ಹೆಣ್ಣು ದಿನಕ್ಕೊಬ್ಬರಂತೆ ಸರದಿಯಲ್ಲಿ ಕಾವು ಕೊಡುತ್ತವೆ. ಮರಿ ಹೊರಬಂದ ಮೇಲೆ ಸಮುದ್ರದಿಂದ ಮೀನು ಕಚ್ಚಿಕೊಂಡು ಹಾರಿಬರುತ್ತವೆ. ಇದೆಲ್ಲ ನಡೆಯುವುದು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಸರಿಯಾಗಿ ನಾವು ಪಿಕ್ನಿಕ್‌ಗೆ ಹೋಗುವ ಕಾಲದಲ್ಲಿ.

ಈಗ ನಿಮ್ಮ ಚಿತ್ರಾನ್ನಕ್ಕೆ ಬನ್ನಿ. ಅದನ್ನು ತಿನ್ನಲು ಬರುವ ನೀಲಿ ಮೈ, ಕಪ್ಪು ಜುಟ್ಟಿನ ಚೆಂದದ ಹಕ್ಕಿ ಸ್ಟೆಲರ್ಸ್ ಜೇ. ಕಾಗೆಯ ಬಳಗದ್ದು, ಬಲು ಚುರುಕು. ಒಮ್ಮೆ ಕಾಳು ಸಿಕ್ಕ ಜಾಗವನ್ನು ಮರೆಯುವುದಿಲ್ಲ. ಸುಲಭದ ಊಟ ಸಿಗುವ ಕಡೆ ಜೇಗಳು ಜಮಾಯಿಸುತ್ತವೆ, ಹೆಚ್ಚು ಮರಿ ಮಾಡುತ್ತವೆ. ಕ್ಯಾಂಪ್‌ಗ್ರೌಂಡುಗಳ ಸುತ್ತ ಅವುಗಳ ಸಂಖ್ಯೆ ಉಳಿದ ಕಾಡಿಗಿಂತ ಎಷ್ಟೋ ಹೆಚ್ಚು. ಅನ್ನ ಮುಗಿದ ಮೇಲೆ ಅವು ಸುಮ್ಮನೆ ಕೂರುತ್ತವೆಯೇ? ಮೇಲಿನ ಕೊಂಬೆಗಳನ್ನು ಜಾಲಾಡುತ್ತವೆ. ಮರ್ಲೆಟ್‌ನ ಆ ಒಂದೇ ಮೊಟ್ಟೆ, ಇಲ್ಲವೇ ಆ ಒಂದೇ ಮರಿ ಅವುಗಳ ಬಾಯಿಗೆ ಹೋಗುತ್ತದೆ. ಆ ಜೋಡಿಯ ವರ್ಷದ ಪಾಡು ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. 1992ರಿಂದ ಕ್ಯಾಲಿಫೋರ್ನಿಯಾ ರಾಜ್ಯದ ಅಪಾಯಕ್ಕೀಡಾದ ಜೀವಿಗಳ ಪಟ್ಟಿಯಲ್ಲಿರುವ ಹಕ್ಕಿ ಇದು.

ಆ ಪಾರ್ಕುಗಳಲ್ಲಿ 'ಕ್ರಂಬ್ ಕ್ಲೀನ್' ಅಂತ ಫಲಕ ಹಾಕಿರುವುದು ಇದಕ್ಕೇ. ಒಂದು ಚೂರೂ ಉಳಿಸಬೇಡಿ ಅಂತ. ಅದನ್ನು ಓದಿ, ಅದರ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡು, ಅಲ್ಲೇ ಅಗುಳು ಚೆಲ್ಲಿ ಬರುತ್ತೀರಲ್ಲ, ಮನಸ್ಸಾದರೂ ಹೇಗೆ ಬರುತ್ತದೆ? ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುವುದು ನಮ್ಮ ಮನೆಗಳ ರೂಢಿ, ಅದರ ಹಿಂದಿನ ದಯೆ ನನಗೂ ಗೊತ್ತು. ಊರಿನ ಹಿತ್ತಲಿನ ಕಾಗೆಯೇ ಬೇರೆ, ಈ ಕಾಡಿನ ಲೆಕ್ಕವೇ ಬೇರೆ. ಇಲ್ಲಿ ಜೇಗೆ ಇಡುವ ತುತ್ತು ಮರ್ಲೆಟ್ ಮರಿಯ ಪ್ರಾಣಕ್ಕೆ ಕುತ್ತು. ಅಳಿಲಿಗೆ ಕಡಲೆಬೀಜ ಕೊಡುವುದೂ ಅಷ್ಟೇ. ಸಿಯೆರಾ ಬೆಟ್ಟಗಳ ಕೆಲವೆಡೆ ಅಳಿಲು, ಅದರ ಬಳಗದ ಚಿಪ್‌ಮಂಕ್‌ಗಳ ಮೈಮೇಲಿನ ಚಿಗಟಗಳಲ್ಲಿ ಪ್ಲೇಗಿನ ರೋಗಾಣು ಇರುತ್ತದೆ. ಮೊಮ್ಮಗನ ಅಂಗೈಯಲ್ಲಿ ಬೀಜ ಇಟ್ಟು ಅಳಿಲಿನ ಮುಂದೆ ಹಿಡಿಸುವ ಅಜ್ಜ ಅಜ್ಜಿಯರಿಗೆ ದಯವಿಟ್ಟು ಇದನ್ನು ತಿಳಿಸಿ.

"ಸಿಪ್ಪೆ ತಾನೇ, ಕೊಳೆತು ಗೊಬ್ಬರ ಆಗುತ್ತೆ" ಅನ್ನುವವರದು ಇನ್ನೊಂದು ವಾದ. ಮಲೆನಾಡಿನ ಮಳೆಗಾಲದಲ್ಲಿ ಆಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಮೇ ಕಳೆದರೆ ಅಕ್ಟೋಬರ್‌ವರೆಗೆ ಮಳೆ ಅನ್ನುವುದೇ ಅಪರೂಪ. ತೇವ ಇಲ್ಲದೆ ಏನೂ ಕೊಳೆಯುವುದಿಲ್ಲ. ಕಿತ್ತಳೆ, ಮಾವು, ಬಾಳೆಯ ಸಿಪ್ಪೆ ಚಕ್ಕಳದ ಹಾಗೆ ಒಣಗಿ ಬಿದ್ದಲ್ಲೇ ಬಿದ್ದಿರುತ್ತದೆ, ಪ್ರಾಣಿಗಳನ್ನು ದಾರಿಯ ಅಂಚಿಗೆ ಕರೆಯುತ್ತದೆ.

ಬೆಂಕಿ ಹಬ್ಬುವುದಕ್ಕೂ ಆ ಒಣಹವೆಯೇ ಕಾರಣ. 1902ರಲ್ಲಿ ಶುರುವಾದ ಬಿಗ್ ಬೇಸಿನ್ ಈ ರಾಜ್ಯದ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್. 2020ರ ಆಗಸ್ಟ್‌ನಲ್ಲಿ ಅದರ ಶೇ. 97ರಷ್ಟು ನೆಲಕ್ಕೆ ಬೆಂಕಿ ಬಿತ್ತು. ಮುಗಿಲೆತ್ತರದ ರೆಡ್‌ವುಡ್ ಮರಗಳು ಬಹುಪಾಲು ಮತ್ತೆ ಚಿಗುರಿದವು, ಡಗ್ಲಸ್ ಫರ್ ಮರಗಳು ಎಷ್ಟೋ ಸತ್ತೇಹೋದವು. ಮರ್ಲೆಟ್ ಗೂಡು ಮಾಡುವುದು ಇವೆರಡರ ಮೇಲೆಯೇ. ಅದು ಸಿಡಿಲಿನಿಂದ ಹತ್ತಿದ ಬೆಂಕಿ, ಯಾರದೂ ತಪ್ಪಲ್ಲ. ಆದರೆ ನಾವು ಬಿಟ್ಟುಬರುವ ಕೆಂಡದ ತಪ್ಪು ನಮ್ಮದೇ. ಬಾರ್ಬೆಕ್ಯೂ ಇದ್ದಿಲು ಮೇಲೆ ಬೂದಿ ಮುಚ್ಚಿಕೊಂಡು ಆರಿದಂತೆ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ಸುಡುತ್ತಿರುತ್ತದೆ. ಅದನ್ನು ಮರದ ಬುಡಕ್ಕೋ ಕಸದ ಡಬ್ಬಕ್ಕೋ ಸುರಿದು ಹೊರಡುವವರನ್ನು ಕಂಡರೆ ಕೂಗಿ ಬೈಯಬೇಕು ಅನ್ನಿಸುತ್ತದೆ.

ಆರಿಸುವ ಕೆಲಸ ಹೊರಡುವ ಅರ್ಧ ಗಂಟೆ ಮುಂಚೆ ಶುರುವಾಗಬೇಕು. ಪಕ್ಕದಲ್ಲಿ ಮೊದಲಿನಿಂದಲೂ ಒಂದು ಬಕೆಟ್ ನೀರು ಇರಬೇಕು. ಚುಯ್ ಅನ್ನುವ ಸದ್ದು ನಿಲ್ಲುವವರೆಗೆ ನೀರು ಹುಯ್ಯಿ, ಕೋಲಿನಿಂದ ತಳದವರೆಗೆ ಕದಡಿ, ಮತ್ತೆ ಹುಯ್ಯಿ. ಕೊನೆಗೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ. ಬಿಸಿ ತಗುಲಿದರೆ ಇನ್ನೂ ಆರಿಲ್ಲ. ಮಣ್ಣು, ಮರಳು ಮುಚ್ಚಬೇಡಿ, ಕಾವು ಒಳಗೇ ಉಳಿಯುತ್ತದೆ, ಆಮೇಲೆ ಬರಿಗಾಲಲ್ಲಿ ಓಡಿಬಂದ ಮಗು ಅದನ್ನು ತುಳಿಯುತ್ತದೆ. ಇನ್ನು ಬೆಂಕಿ ನಿಷೇಧ ಇದ್ದ ದಿನ ಇದ್ದಿಲಿಗೂ ನಿಷೇಧ ಇರಬಹುದು. ಹೊರಡುವ ಬೆಳಗ್ಗೆಯೇ ಪಾರ್ಕಿನ ವೆಬ್ ಪುಟ ನೋಡಿಕೊಳ್ಳಿ, ಕಾಡೊಳಗೆ ಹೋದ ಮೇಲೆ ಫೋನ್ ಸಿಗ್ನಲ್ ಸಿಗದಿರಬಹುದು. ಮನೆಯ ಹಿತ್ತಲಿನ ಸೌದೆಯನ್ನೂ ಹೊತ್ತೊಯ್ಯಬೇಡಿ, ಅದರೊಳಗಿನ ಹುಳ, ಶಿಲೀಂಧ್ರ ಇನ್ನೊಂದು ಕಾಡಿಗೆ ದಾಟುತ್ತವೆ. ಉರಿಸುವ ಊರಲ್ಲೇ ಕೊಳ್ಳಿ.

ಹತ್ತು ಡಾಲರ್ ಪಾರ್ಕಿಂಗ್ ಉಳಿಸಲು ಹೆದ್ದಾರಿ ಪಕ್ಕದ ಒಣಹುಲ್ಲಿನ ಮೇಲೆ ಕಾರು ನುಗ್ಗಿಸುವ ಮಹನೀಯರೂ ಇದ್ದಾರೆ. ಕಾರಿನ ಹೊಟ್ಟೆಯಡಿಯ ಎಗ್ಸಾಸ್ಟ್ ಭಾಗ ಹುಲ್ಲು ಹೊತ್ತಿಕೊಳ್ಳುವಷ್ಟು ಕಾದಿರುತ್ತದೆ. ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸ್ಟೇಟ್ ಪಾರ್ಕಿನ ಪಾರ್ಕಿಂಗ್ ಪಾಸನ್ನು ಪುಸ್ತಕದ ಹಾಗೆ ಎರವಲು ಕೊಡುತ್ತಾರೆ, ಪುಕ್ಕಟೆ. ಹೋಗಿ ಕೇಳುವುದಕ್ಕೂ ಸೋಮಾರಿತನವೇ?

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಮಾತ್ರ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ರೀತಿಗೆ. ಬೇಸಿಗೆಯಲ್ಲೇ ಅವರು ಬರುವುದು, ವೀಕೆಂಡ್ ಖಾಲಿ ಬಿಡಬಾರದು ಅಂತ ಮಕ್ಕಳ ಹಟ. ಜುಲೈ ತಿಂಗಳಲ್ಲಿ, ಬಿಸಿಲೇರಿದ ಮೇಲೆ ಹನ್ನೊಂದಕ್ಕೆ, ಎಪ್ಪತ್ತು ದಾಟಿದವರಿಗೆ ಚಪ್ಪಲಿ ಹಾಕಿಸಿ ಒಳನಾಡಿನ ಹೆನ್ರಿ ಕೋ ಪಾರ್ಕಿಗೆ! ಅಲ್ಲಿ ಬೇಸಿಗೆಯ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ತೊರೆಗಳು ಬತ್ತಿರುತ್ತವೆ. ಮೋಸ ಎಲ್ಲಿದೆ ಅಂದರೆ ಪಾರ್ಕಿನ ಮುಖ್ಯ ಕಚೇರಿ ಇರುವುದು ಬೆಟ್ಟದ ನೆತ್ತಿಯಲ್ಲಿ. ಅಲ್ಲಿಂದ ಹೊರಡುವ ದಾರಿಗಳಲ್ಲಿ ಹೆಚ್ಚಿನವು ಮೊದಲು ಇಳಿಯುತ್ತವೆ. ಇಳಿಯುವಾಗ ಎಲ್ಲರಿಗೂ ಹುರುಪು. ವಾಪಸು ಹತ್ತಬೇಕಾದದ್ದು ನೀರು ಮುಗಿದ ಮೇಲೆ, ಸುಡುಬಿಸಿಲಲ್ಲಿ.

ಆರು ಜನಕ್ಕೆ ಅರ್ಧ ಲೀಟರಿನ ಮೂರು ಬಾಟಲಿ ಒಯ್ದರೆ ಯಾವ ಮೂಲೆಗೆ? ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಅನ್ನುವುದು ಕನಿಷ್ಠ, ಬಿಸಿಲಿನ ಏರಿಗೆ ಅದಕ್ಕಿಂತ ಹೆಚ್ಚು. ನಾಲ್ಕು ಗಂಟೆ ನಡೆಯುವುದಾದರೆ ತಲೆಗೆ ಮೂರು ಲೀಟರ್. ಬರೀ ನೀರು ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಸೇರಬೇಕು. ಫ್ಲಾಸ್ಕಿನಲ್ಲಿ ತಣ್ಣಗೆ ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ. ಹೊರಡುವಾಗ ಇದ್ದ ನೀರಿನ ಮೂರನೇ ಒಂದು ಭಾಗ ಮುಗಿಯಿತೋ, ಹಿಂದಿರುಗಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರ ಮೈಯ ನೀರು ಬೇಗ ಇಳಿಯುತ್ತದೆ, ಬಾಯಾರಿಕೆಯೂ ಅವರಿಗೆ ತಡವಾಗಿ ತಿಳಿಯುತ್ತದೆ. ತಲೆಸುತ್ತು, ಓಕರಿಕೆ, ತಲೆನೋವು ಅಂದರೆ ನೆರಳಿಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಎಲ್ಲಿದ್ದೇನೆ ಅನ್ನುವುದು ಮರೆತರೆ ಅದು ಹೀಟ್ ಸ್ಟ್ರೋಕ್. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ. ಸುಸ್ತಾಯಿತೇ ಅಂದರೆ ಅಪ್ಪ ಅಮ್ಮ "ಪರವಾಗಿಲ್ಲ ಕಣೋ, ನಡಿ" ಅಂದೇ ಅನ್ನುತ್ತಾರೆ. ಮಗನ ಸಂಭ್ರಮ ಕೆಡಿಸಬಾರದು ಅಂತ ಅನ್ನುವ ಮಾತು ಅದು, ನಂಬಬೇಡಿ. ಒಳನಾಡು ಕುದಿಯುವ ದಿನವೂ ಕಡಲತೀರದ ಪಾರ್ಕುಗಳಲ್ಲಿ ಮಂಜು ಕವಿದು ತಂಪಾಗಿರುವುದು ಇಲ್ಲಿನ ಬೇಸಿಗೆಯ ಗುಣ. ಅವರನ್ನು ಅತ್ತ ಕರೆದೊಯ್ಯಿರಿ, ಕೋ ಪಾರ್ಕು ಮಾರ್ಚ್ ತಿಂಗಳಿಗಿರಲಿ.

ಅಡ್ಡದಾರಿ ಹಿಡಿಯುವ ಚಟ ಬೇರೆ. ತಿರುವು ತಪ್ಪಿಸಿ ನೇರ ಇಳಿದರೆ ಎರಡು ನಿಮಿಷ ಉಳಿಯುತ್ತೆ ಅಂತ ಪೊದೆಗೆ ನುಗ್ಗುತ್ತಾರೆ. ಆ ಪೊದೆ ಪಾಯ್ಸನ್ ಓಕ್ ಆಗಿರುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ಬೇಸಿಗೆ ಕಳೆಯುತ್ತ ಬಂದಂತೆ ಕೆಂಪಗೆ ತಿರುಗಿ ಕಣ್ಸೆಳೆಯುತ್ತದೆ, ಮಕ್ಕಳು ಕಿತ್ತು ಕೈಯಲ್ಲಿ ಹಿಡಿಯುತ್ತಾರೆ. ನಮ್ಮ ಗೇರಿನ ಬಳಗದ್ದೇ ಗಿಡ. ಗೇರು ಸೊನೆ ತಾಗಿದರೆ ಚರ್ಮ ಏನಾಗುತ್ತದೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಾಗಿದ ಕೂಡಲೇ ಏನೂ ತಿಳಿಯುವುದಿಲ್ಲ, ತುರಿ ಬೊಕ್ಕೆ ಏಳುವುದು ಒಂದೆರಡು ದಿನ ಬಿಟ್ಟು. ಆದ್ದರಿಂದ ಅನುಮಾನ ಬಂದೊಡನೆ ಸೋಪು ಮತ್ತು ತಣ್ಣೀರಿನಲ್ಲಿ ಉಜ್ಜಿ ತೊಳೆಯಿರಿ, ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಅಡ್ಡದಾರಿಯಿಂದ ಮರಗಳಿಗೂ ಕೇಡು. ಅಷ್ಟೆತ್ತರದ ರೆಡ್‌ವುಡ್‌ನ ಬೇರು ಬಹಳ ಆಳಕ್ಕೆ ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡುತ್ತದೆ. ತುಳಿದು ತುಳಿದು ಮಣ್ಣು ಗಟ್ಟಿಯಾದರೆ ನೀರು, ಗಾಳಿ ಒಳಗಿಳಿಯುವುದಿಲ್ಲ.

ಸ್ಪೀಕರ್ ಬಗ್ಗೆ ಒಂದೇ ಮಾತು: ನಿಮ್ಮ ಕ್ಯಾಂಪಿನ ಜಾಗದಿಂದಾಚೆ ಅದರ ಸದ್ದು ಹಗಲಲ್ಲೂ ಕೇಳಬಾರದು ಅನ್ನುವುದು ಇಲ್ಲಿನ ನಿಯಮ.

ಮತ್ತೆ ಆ ಅಗುಳಿನ ಮಾತಿಗೇ ಬರುತ್ತೇನೆ, ಅದಕ್ಕೆ ಬೇಕಾದದ್ದು ಐದೇ ನಿಮಿಷ. ಉದುರುವ ಚಿತ್ರಾನ್ನ, ಅವಲಕ್ಕಿಯ ಬದಲು ಚಪಾತಿ ಸುರುಳಿಯನ್ನೋ ಇಡ್ಲಿಯನ್ನೋ ಒಯ್ಯಿರಿ. ಮೇಜಿನ ಕೆಳಗೂ ಒಂದು ಚಾಪೆ ಹಾಸಿ. ಡಬ್ಬಿ ತೆರೆದಿಟ್ಟು ಫೋಟೋಗೆ ಎದ್ದು ಹೋಗಬೇಡಿ, ಒಬ್ಬರಾದರೂ ಊಟದ ಹತ್ತಿರ ಇರಿ. ತಟ್ಟೆ ತೊಳೆದ ನೀರಿನಲ್ಲೂ ಅಗುಳು ಇರುತ್ತದೆ, ಸೋಸಿ ಚೀಲಕ್ಕೆ ಹಾಕಿ. ಕೊನೆಗೆ, ಆ ಚಾಪೆಯನ್ನು ಮರದ ಬುಡದಲ್ಲಿ ಪಟಪಟ ಅಂತ ಒದರಬೇಡಿ. ನಾಲ್ಕೂ ಮೂಲೆ ಒಳಕ್ಕೆ ಮಡಚಿ, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ, ಮನೆಯ ಕಸದ ಡಬ್ಬಕ್ಕೆ ಒದರಿ.