ಬೈಗುಳಕ್ಕೂ ಒಂದು ಚಾನೆಲ್

ಬೈಯೋದಕ್ಕೆ ಮೊದಲು ಯಾರೂ ಕಾಸು ಕೇಳುತ್ತಿರಲಿಲ್ಲ. ಮೇಷ್ಟ್ರು ಬೈಯುತ್ತಿದ್ದರು, ಅತ್ತೆ ಬೈಯುತ್ತಿದ್ದರು, ಚಿಲ್ಲರೆ ಇಲ್ಲ ಅಂದರೆ ಕಂಡಕ್ಟರ್ ಬೈಯುತ್ತಿದ್ದರು. ಎಲ್ಲ ಧರ್ಮಾರ್ಥ. ಈ ಸಮಾಜಸೇವೆಗೆ ದರಪಟ್ಟಿ ನೇತುಹಾಕಿದ್ದು ಅಮೆರಿಕದ ಟಿವಿಯವರು. 2002ರಲ್ಲಿ 'ಅಮೆರಿಕನ್ ಐಡಲ್' ಶುರುವಾಯಿತು. ಹಾಡೋಕೆ ಬಂದವರ ಮುಖಕ್ಕೇ ಬೈದು ಸೈಮನ್ ಕೋವೆಲ್ ಸ್ಟಾರ್ ಆದರು. 2004ರಲ್ಲಿ ಡೊನಾಲ್ಡ್ ಟ್ರಂಪ್ 'ದಿ ಅಪ್ರೆಂಟಿಸ್'ನಲ್ಲಿ ಬಂದವರನ್ನು ಬಂದ ಹಾಗೇ ಕೆಲಸದಿಂದ ಕಿತ್ತುಹಾಕುತ್ತಾ ಮನೆಮಾತಾದರು. ಆಮೇಲೆ ಅವರು ಎಲ್ಲಿಗೆ ಹೋದರು ಅಂತ ನಾನು ಹೇಳಬೇಕಾಗಿಲ್ಲ. 2005ರಿಂದ 'ಹೆಲ್ಸ್ ಕಿಚನ್' ಅನ್ನೋ ಅಡುಗೆ ಸ್ಪರ್ಧೆಯಲ್ಲಿ ಬಾಣಸಿಗ ಗಾರ್ಡನ್ ರಾಮ್ಸೆ ಬಾಯಿಗೆ ಬೀಪ್ ಹಾಕೋದೇ ಎಡಿಟರ್‌ಗಳಿಗೆ ಒಂದು ಕೆಲಸವಾಯಿತು.

ಗಂಡಸರು ಬೈದು ಬೈದೇ ದುಡ್ಡು ಎಣಿಸುತ್ತಿರುವಾಗ ಫ್ಯಾಷನ್ ಲೋಕ ಸುಮ್ನೆ ಕೂರುತ್ತಾ? ಅಲ್ಲಿಂದ ಬಂದರು ಕೆಲ್ಲಿ ಕಟ್ರೋನ್. ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆ. ನಗು ಲೆಕ್ಕಕ್ಕೆ ಮಾತ್ರ.

ಮೇಡಂ ಕೆಲಸ ಗೊತ್ತಿಲ್ಲದವರೇನಲ್ಲ. ಸಿರಾಕ್ಯೂಸ್ ಹತ್ತಿರದ ಒಂದು ಸಣ್ಣ ಊರಿಂದ ನ್ಯೂಯಾರ್ಕ್‌ಗೆ ಬಂದು, 1996ರಲ್ಲಿ 'ಪೀಪಲ್ಸ್ ರೆವಲ್ಯೂಷನ್' ಅನ್ನೋ ಪಿಆರ್ ಕಂಪನಿ ಕಟ್ಟಿದವರು. ಈ ಫ್ಯಾಷನ್ ಪಿಆರ್ ಅಂದರೆ ಏನು ಕೆಲಸ? ಡಿಸೈನರ್ ಒಂದು ಬಟ್ಟೆ ಮಾಡುತ್ತಾನೆ. ಅದು ಪತ್ರಿಕೆಯಲ್ಲಿ ಬರಬೇಕು, ಯಾವುದೋ ನಟಿಯ ಮೈಮೇಲೆ ಕಾಣಬೇಕು, ಅದರ ಶೋಗೆ ತಕ್ಕ ಜನ ಬಂದು ಕೂರಬೇಕು. ಅಷ್ಟನ್ನೂ ಮಾಡಿಸಿ, ಫೋಟೊದಲ್ಲಿ ಮಾತ್ರ ತಾನು ಬೀಳದೆ ಇರೋದು ಪಬ್ಲಿಸಿಸ್ಟ್ ಕೆಲಸ.

ಡಿಸೈನರ್‌ಗಳು ಸಾಲಾಗಿ ತಮ್ಮ ಹೊಸ ಬಟ್ಟೆ ತೋರಿಸುವ ಫ್ಯಾಷನ್ ವೀಕ್‌ನಲ್ಲಿ ಒಂದು ಶೋ ನಡೆಯೋದು ಹತ್ತು ಹದಿನೈದು ನಿಮಿಷ. ಶುರುವಾಗೋದು ಅರ್ಧ ಗಂಟೆ ತಡ. ಆದರೆ ಅದರ ಕುರ್ಚಿ ಹಂಚಿಕೆಗೆ ದಿನಗಟ್ಟಲೆ ನಿದ್ದೆಗೆಡುತ್ತಾರೆ. ನಮ್ಮ ಕಡೆ ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವ ಬೀಗರನ್ನು ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಎಲೆ ಹಾಕೋದಿಲ್ಲ, ಯಾರೂ ಊಟವನ್ನೂ ಮಾಡೋದಿಲ್ಲ. ಮೊದಲ ಸಾಲು ದೊಡ್ಡ ಪತ್ರಿಕೆಗಳ ಸಂಪಾದಕರಿಗೆ, ಅಂಗಡಿಗೆ ಮಾಲು ಕೊಳ್ಳುವ ಬೈಯರ್‌ಗಳಿಗೆ, ಒಬ್ಬಿಬ್ಬರು ನಟಿಯರಿಗೆ. ಎರಡನೇ ಸಾಲಿನಲ್ಲಿ ಕೂತವರು ಮೊದಲ ಸಾಲಿನವರ ಜಡೆ ನೋಡುತ್ತಾ ತಮ್ಮ ವೃತ್ತಿಜೀವನದ ಬಗ್ಗೆ ಯೋಚಿಸುತ್ತಾರೆ. ಬಾಗಿಲಲ್ಲಿ ಕಿವಿಗೆ ಹೆಡ್‌ಸೆಟ್, ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತ ಹುಡುಗಿ ಪಟ್ಟಿಯ ಮೇಲೆ ಬೆರಳು ಜಾರಿಸಿ, "ನಿಮ್ಮ ಹೆಸರು ಇಲ್ಲವಲ್ಲಾ" ಅಂದರೆ ಮುಗೀತು. ಮೇಲ್ಮನವಿ ಸಲ್ಲಿಸೋಕೆ ಕೋರ್ಟ್ ಇಲ್ಲ.

ಈ ಫ್ಯಾಷನ್ ವೀಕ್ ಅನ್ನೋದನ್ನು ಹುಟ್ಟುಹಾಕಿದ್ದೂ ಒಬ್ಬ ಪಬ್ಲಿಸಿಸ್ಟೇ. ಎಲಿನೋರ್ ಲ್ಯಾಂಬರ್ಟ್. ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನರ ಕೈಲಿತ್ತು. ಅಲ್ಲಿನ ಫ್ಯಾಷನ್ ನೋಡೋಕೆ ಹೋಗುವಂತಿರಲಿಲ್ಲ. ಇದೇ ಸಮಯ ಅಂತ ಈಯಮ್ಮ 1943ರಲ್ಲಿ ಅಮೆರಿಕದ ಪತ್ರಕರ್ತರನ್ನೆಲ್ಲ ಒಂದೆಡೆ ಸೇರಿಸಿ, ನ್ಯೂಯಾರ್ಕ್ ಡಿಸೈನರ್‌ಗಳ ಬಟ್ಟೆ ತೋರಿಸಿದರು. ಅದರ ಹೆಸರು 'ಪ್ರೆಸ್ ವೀಕ್'. 1962ರಲ್ಲಿ ಅಮೆರಿಕನ್ ಡಿಸೈನರ್‌ಗಳ ಒಕ್ಕೂಟ ಕಟ್ಟಿಸಿದರು. 2003ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಪಾಪ, ಒಬ್ಬ ಸಹಾಯಕಿಯನ್ನು ಕ್ಯಾಮೆರಾ ಮುಂದೆ ಅಳಿಸಿದ್ದರೆ ಇಷ್ಟೆಲ್ಲ ಕಷ್ಟಪಡದೇ ಇನ್ನೂ ಹೆಸರು ಮಾಡಬಹುದಿತ್ತು. ಅವರ ಕಾಲಕ್ಕೆ ಆ ಸೌಲಭ್ಯ ಇರಲಿಲ್ಲ.

ಸೌಲಭ್ಯ ಬಂದಿದ್ದು ಎಂಟಿವಿಯಿಂದ. 2006ರಲ್ಲಿ 'ದಿ ಹಿಲ್ಸ್' ಅನ್ನೋ ರಿಯಾಲಿಟಿ ಶೋ ಶುರುವಾಯಿತು. ಕ್ಯಾಲಿಫೋರ್ನಿಯಾದ ಅನುಕೂಲಸ್ಥರ ಮನೆಯ ಹುಡುಗಿ ಲಾರೆನ್ ಕಾನ್ರಾಡ್ 'ಟೀನ್ ವೋಗ್' ಫ್ಯಾಷನ್ ಪತ್ರಿಕೆಯಲ್ಲಿ ಇಂಟರ್ನ್ ಆಗಿ, ಅಂದರೆ ಕೆಲಸ ಕಲಿಯೋಕೆ ಬಂದವಳಾಗಿ ಸೇರುತ್ತಾಳೆ. ಮೊದಲ ಸೀಸನ್ ಕೊನೆಗೆ ಪ್ಯಾರಿಸ್‌ಗೆ ಹೋಗುವ ಅವಕಾಶ ಬರುತ್ತೆ. ಬಾಯ್‌ಫ್ರೆಂಡ್ ಜೊತೆ ಸಮುದ್ರದ ದಂಡೆಯಲ್ಲಿ ಬೇಸಿಗೆ ಕಳೆಯಬೇಕು ಅಂತ ಹುಡುಗಿ ಒಲ್ಲೆ ಅನ್ನುತ್ತಾಳೆ. ಇವಳು 'ಪ್ಯಾರಿಸ್‌ಗೆ ಹೋಗದ ಹುಡುಗಿ' ಅಂತಲೇ ಹೆಸರಾಗುತ್ತಾಳೆ ಎಂದು ಪತ್ರಿಕೆಯ ಮೇಲಧಿಕಾರಿ ತೀರ್ಪು ಕೊಡುತ್ತಾರೆ. ಅಮೆರಿಕದಲ್ಲಿ ಒಂದು ಪೀಳಿಗೆಯ ಹುಡುಗಿಯರು ಇದನ್ನು ರಾಷ್ಟ್ರೀಯ ದುರಂತ ಅಂತ ಅತ್ತರು. ಪ್ಯಾರಿಸ್‌ಗೆ ಹೋಗದ ಹುಡುಗಿಯರು ಭೂಮಿಯ ಮೇಲೆ ಇನ್ನೂ ಕೆಲವು ಕೋಟಿ ಇದ್ದಾರೆ ಅನ್ನೋದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಈ ಲಾರೆನ್, ಅವಳ ಗೆಳತಿ ವಿಟ್ನಿ ಪೋರ್ಟ್ ಇಬ್ಬರೂ ಕೆಲ್ಲಿ ಮೇಡಂ ಆಫೀಸಿಗೆ ಬಂದರು. ಅಲ್ಲಿಗೆ ಮೇಡಂ ಕೂಡ ಟಿವಿಗೆ ಬಂದ ಹಾಗಾಯಿತು. ಕಣ್ಣು ಸಣ್ಣ ಮಾಡಿ ಒಂದು ನೋಟ, ಒಂದು ಒಣ ಮಾತು, ಎದುರಿಗೆ ಕೂತವರ ಗಂಟಲು ಕಟ್ಟಿತು. ಪ್ರೇಕ್ಷಕರು ಕುರ್ಚಿ ಅಂಚಿಗೆ ಬಂದರು. ಉಳಿದವರೆಲ್ಲ ಸಂಚಿಕೆಗಟ್ಟಲೆ "ಹೌದಾ?", "ಹೂಂ", "ಗೊತ್ತಿಲ್ಲ" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಕಾರ್ಯಕ್ರಮದಲ್ಲಿ ಪೂರ್ತಿ ವಾಕ್ಯ ಮಾತಾಡುವ ಒಬ್ಬ ಮನುಷ್ಯರು ಸಿಕ್ಕಿದ್ದೇ ದೊಡ್ಡದು.

ಇಲ್ಲಿ ಸ್ವಲ್ಪ ನಿಲ್ಲಿ. ಟಿವಿಯ ಇಂಟರ್ನ್ ಹುಡುಗಿ ಕಾಫಿ ತರುತ್ತಾಳೆ, ಬಟ್ಟೆಯ ಚೀಲ ಹೊರುತ್ತಾಳೆ, ಬೈಸಿಕೊಳ್ಳುತ್ತಾಳೆ. ಹಾಗೆ ನಟಿಸೋದಕ್ಕೆ, ಕ್ಷಮಿಸಿ, ಹಾಗೆ ಬದುಕೋದಕ್ಕೆ ಅವಳಿಗೆ ಎಂಟಿವಿ ದುಡ್ಡು ಕೊಡುತ್ತೆ. ಕ್ಯಾಮೆರಾದ ಚೌಕಟ್ಟಿನ ಆಚೆ ನಿಜವಾದ ಇಂಟರ್ನ್‌ಗಳು ಇರುತ್ತಿದ್ದರು. ಆ ಕಾಲದ ನ್ಯೂಯಾರ್ಕ್, ಲಾಸ್ ಏಂಜಲೀಸ್ ಫ್ಯಾಷನ್ ಆಫೀಸುಗಳಲ್ಲಿ ಅವರಿಲ್ಲದೆ ಒಂದು ಹ್ಯಾಂಗರ್ ಅಲುಗುತ್ತಿರಲಿಲ್ಲ. ಅವರೂ ಅದೇ ಚೀಲ ಹೊರುತ್ತಿದ್ದರು, ಅದೇ ಬೈಗುಳ ತಿನ್ನುತ್ತಿದ್ದರು. ಬಹಳಷ್ಟು ಜನರಿಗೆ ಸಂಬಳ ಸೊನ್ನೆ. ಅಂದರೆ ಪುಕ್ಕಟೆ ದುಡಿಯುವವರ ಪಾತ್ರ ಮಾಡೋದು ಒಳ್ಳೇ ಸಂಬಳದ ಕೆಲಸ, ಪುಕ್ಕಟೆ ದುಡಿಯೋದು ಮಾತ್ರ ಪುಕ್ಕಟೆ.

ಆ ಲೋಕದ ಕೆಲಸದ ಜಾಹೀರಾತನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದಿದ್ದರೆ ಹೀಗಿರುತ್ತಿತ್ತು:

"ಬೇಕಾಗಿದ್ದಾರೆ: ಇಂಟರ್ನ್. ಸಂಬಳ: ಅನುಭವ. ವೇಳೆ: ಮೇಡಂ ಎದ್ದಾಗಿನಿಂದ ಮೇಡಂ ಮಲಗುವ ತನಕ. ಅರ್ಹತೆ: ಕಪ್ಪು ಬಟ್ಟೆ, ಗಟ್ಟಿ ಕಾಲು, ಮಂದ ಕಿವಿ. ಅಪ್ಪನ ಬ್ಯಾಂಕ್ ಖಾತೆ ಕಡ್ಡಾಯ, ಯಾಕೆಂದರೆ ಈ ಊರಿನ ಮನೆ ಮಾಲೀಕರು ಬಾಡಿಗೆಗೆ ಅನುಭವ ತಗೊಳ್ಳೋದಿಲ್ಲ. ಅಳುವ ಸೌಲಭ್ಯ: ಹೊರಗಡೆ."

ಕೊನೆಯ ಸಾಲು ನನ್ನ ಕುಹಕ ಅಲ್ಲ. 2010ರಲ್ಲಿ ಮೇಡಂ ಒಂದು ಪುಸ್ತಕ ತಂದರು. ಅದರ ಹೆಸರೇ 'ಅಳಬೇಕು ಅನಿಸಿದರೆ ಹೊರಗೆ ಹೋಗಿ' ಅಂತ. ಕೆಲಸಕ್ಕೆ ಸೇರುವ ಹುಡುಗಿಯರಿಗೆ ಉಪದೇಶ. ಅದೇ ವರ್ಷ ಫೆಬ್ರುವರಿಯಲ್ಲಿ ಬ್ರಾವೋ ಚಾನೆಲ್‌ನಲ್ಲಿ ಅವರದ್ದೇ ಶೋ ಬಂತು, 'ಕೆಲ್ ಆನ್ ಅರ್ಥ್'. ಅವರದ್ದೇ ಆಫೀಸು, ಅವರದ್ದೇ ನೌಕರರು, ಫ್ಯಾಷನ್ ವೀಕ್‌ನ ಗಡಿಬಿಡಿ. ಈಗ ಕಷ್ಟ ನೋಡಿ. ಪುಸ್ತಕದ ಪ್ರಕಾರ ಅಳುವವರು ಹೊರಗೆ ಹೋಗಬೇಕು. ಟಿವಿಯ ಪ್ರಕಾರ ಅಳುವವರು ಒಳಗೇ ಇರಬೇಕು, ಬೆಳಕು ಸರಿಯಾಗಿ ಬೀಳುವ ಕಡೆ. ಹೊರಗೆ ಹೋದರೂ ಬಿಡೋದಿಲ್ಲ, ಹಿಂದೆಯೇ ಕ್ಯಾಮೆರಾ, ತಲೆ ಮೇಲೆ ಕೋಲಿಗೆ ಕಟ್ಟಿದ ಮೈಕು. ಆ ಆಫೀಸಿನ ಸಿಬ್ಬಂದಿ ಯಾವ ಶಾಸ್ತ್ರ ಪಾಲಿಸಿದರೋ ದೇವರೇ ಬಲ್ಲ. ಶೋ ಎಂಟು ಸಂಚಿಕೆಗೆ ಮುಗಿಯಿತು. ನನಗನಿಸುವ ಕಾರಣ ಇದು: ಪಿಆರ್ ಆಫೀಸಿನಲ್ಲಿ ದಿನವಿಡೀ ನಡೆಯೋದು ಈಮೇಲ್ ಮತ್ತು ಫೋನು. ಬೈಗುಳ ಒಗ್ಗರಣೆಗಷ್ಟೇ. ಒಗ್ಗರಣೆಯನ್ನೇ ಒಂದು ಗಂಟೆ ಊಟ ಮಾಡೋಕೆ ಯಾರಿಂದ ಆಗುತ್ತೆ?

2010 ಸುಗ್ಗಿಯ ವರ್ಷ. ಏಪ್ರಿಲ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೂ ಎದ್ದು ಕೂತಿತು. ಸಂಬಳ ಕೊಡದೆ ಇಂಟರ್ನ್ ಇಟ್ಟುಕೊಳ್ಳಬೇಕಾದರೆ ಆರು ಷರತ್ತು ಅಂತ ಒಂದು ಹಾಳೆ ಹೊರಡಿಸಿತು. ಅದರಲ್ಲಿ ಒಂದು ಷರತ್ತನ್ನು ಬರೆದ ಗುಮಾಸ್ತರಿಗೆ ನಾನು ಉದ್ದಂಡ ನಮಸ್ಕಾರ ಹಾಕುತ್ತೇನೆ. ಇಂಟರ್ನ್ ಮಾಡುವ ಕೆಲಸದಿಂದ ಮಾಲೀಕರಿಗೆ ತಕ್ಷಣದ ಲಾಭ ಆಗಬಾರದು, ಆಗಾಗ ಕಂಪನಿಯ ಕೆಲಸಕ್ಕೆ ಅಡ್ಡಿಯೂ ಆಗಬಹುದು! ಅಂದರೆ ಚುರುಕಾಗಿ ದುಡಿದವರು ಕಾನೂನು ಮುರಿದ ಹಾಗೆ, ಕಾಲಿಗೆ ತೊಡರಿಕೊಂಡವರು ಪಾಲಿಸಿದ ಹಾಗೆ. ಈ ಲೆಕ್ಕದಲ್ಲಿ 'ದಿ ಹಿಲ್ಸ್'ನ ಸ್ಟೆಫನಿ ಪ್ರಾಟ್ ಆದರ್ಶ ಇಂಟರ್ನ್. ಮೇಡಂ ಆಫೀಸಿಗೆ ಸೇರಿದಳು, ಎಡವಟ್ಟು ಮಾಡಿದಳು, ಕೆಲಸ ಕಳಕೊಂಡಳು. ಕಾನೂನಿಗೆ ಅಷ್ಟು ನಿಷ್ಠೆ ತೋರಿಸಿದವಳನ್ನೇ ಹೊರಗೆ ಕಳಿಸಿಬಿಟ್ಟರು.

ಅದೇ ಜುಲೈನಲ್ಲಿ 'ದಿ ಹಿಲ್ಸ್' ಮುಗಿಯಿತು. ಕೊನೆಯ ದೃಶ್ಯದಲ್ಲಿ ಹುಡುಗ ಬೀದಿಯಲ್ಲಿ ನಿಂತು, ಕಾರಿನಲ್ಲಿ ಹೊರಟ ಹುಡುಗಿಯನ್ನು ನೋಡುತ್ತಿದ್ದಾನೆ. ಹಿಂದೆ ಹಾಲಿವುಡ್ ಗುಡ್ಡ. ಇದ್ದಕ್ಕಿದ್ದ ಹಾಗೆ ಆ ಗುಡ್ಡವನ್ನೇ ಯಾರೋ ತಳ್ಳಿಕೊಂಡು ಹೋಗುತ್ತಾರೆ. ಅದೊಂದು ಪರದೆ. ಕ್ಯಾಮೆರಾ ಹಿಂದಕ್ಕೆ ಸರಿದರೆ ಬೀದಿಯೂ ಸ್ಟುಡಿಯೋದ ಅಂಗಳ. ನಾಲ್ಕು ವರ್ಷ ಅತ್ತವರಿಗೆ ಕಣ್ಣೀರಿನ ಬಾಬ್ತು ವಾಪಸ್ ಕೊಡುವ ಏರ್ಪಾಡು ಇರಲಿಲ್ಲ.

ನಿಜವಾದ ಇಂಟರ್ನ್‌ಗಳು ಮಾತ್ರ ಪರದೆ ತಳ್ಳಿ ಮನೆಗೆ ಹೋಗಲಿಲ್ಲ, ಕೋರ್ಟಿಗೆ ಹೋದರು. 2013ರಲ್ಲಿ 'ಟೀನ್ ವೋಗ್' ಮಾಲೀಕ ಕಂಪನಿಯಾದ ಕಾಂಡೆ ನಾಸ್ಟ್ ಮೇಲೆ, ಅದರ ಬೇರೆ ಪತ್ರಿಕೆಗಳಲ್ಲಿ ದುಡಿದ ಇಬ್ಬರು ಕೇಸ್ ಹಾಕಿದರು. ತಮಗೆ ಬಿದ್ದ ಕೂಲಿ ಗಂಟೆಗೆ ಒಂದು ಡಾಲರ್‌ಗೂ ಕಡಿಮೆ ಅಂದರು. ಕಂಪನಿ ಏನು ಮಾಡಿತು? ಸಂಬಳ ಏರಿಸಿತಾ? ಇಂಟರ್ನ್ ವ್ಯವಸ್ಥೆಯನ್ನೇ ಮುಚ್ಚಿತು. 2014ರಲ್ಲಿ 58 ಲಕ್ಷ ಡಾಲರ್‌ಗೆ ರಾಜಿಯಾಯಿತು. ಹಂಚಿಕೊಳ್ಳಬೇಕಾದವರು ಸುಮಾರು 7,500 ಮಂದಿ. ಲೆಕ್ಕ ಹಾಕಿ ನೋಡಿ. ಅದರಲ್ಲಿ ಆ ಪತ್ರಿಕೆಗಳಲ್ಲೇ ಅಚ್ಚಾಗುವ ಕೈಚೀಲಗಳ ಹಿಡಿಕೆಯೂ ಸಿಗುವುದಿಲ್ಲ.

ಮೇಡಂ ಅಷ್ಟರಲ್ಲಿ ಜಡ್ಜ್ ಕುರ್ಚಿಗೆ ಏರಿದ್ದರು. 2012ರಲ್ಲಿ ಟೈರಾ ಬ್ಯಾಂಕ್ಸ್ ಅವರ 'ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್' ಅನ್ನೋ ಮಾಡೆಲ್‌ಗಳ ಸ್ಪರ್ಧೆಗೆ ತೀರ್ಪುಗಾರರಾದರು. ಹುಡುಗಿ ಬಂದು ನಿಲ್ಲುತ್ತಾಳೆ. ಹಿಂದೆ ದೊಡ್ಡ ತೆರೆಯ ಮೇಲೆ ಅವಳ ಫೋಟೊ. ಮೇಡಂ ಕತ್ತು ವಾಲಿಸಿ ನೋಡಿ, ಒಂದು ಅಂಕಿ ಹೇಳುತ್ತಾರೆ. ಬಟ್ಟೆಗೆ ಪ್ರಚಾರ ಕೊಡಿಸುತ್ತಿದ್ದವರು ಈಗ ಬಟ್ಟೆಯೊಳಗಿನವರಿಗೆ ಮಾರ್ಕ್ಸ್ ಹಾಕುತ್ತಿದ್ದರು. ಒಂದೇ ನಾಲಿಗೆ, ಅದಕ್ಕೆ ಡಿಸೈನರ್ ಒಂದು ಕಡೆಯಿಂದ ಬಿಲ್ ಕಟ್ಟುತ್ತಾನೆ, ಪ್ರಕಾಶಕ ಇನ್ನೊಂದು ಕಡೆಯಿಂದ, ಚಾನೆಲ್ ಮತ್ತೊಂದು ಕಡೆಯಿಂದ. ಇದು ಜಾಣತನ ಅಲ್ಲ ಅಂತ ನಾನು ಹೇಳಲಾರೆ. ಹೊಟ್ಟೆಕಿಚ್ಚು ಅಂತ ನೀವು ಅಂದರೆ ಅದನ್ನೂ ಅಲ್ಲಗಳೆಯಲಾರೆ.

ಆದರೆ ಚಾನೆಲ್‌ನವರು ಮೇಡಂಗಿಂತ ಜಾಣರು. ಅದೇ ವರ್ಷ ಬಂದ ಮುಂದಿನ ಸೀಸನ್‌ನಲ್ಲಿ ಒಂದು ಹೊಸ ವ್ಯವಸ್ಥೆ ತಂದರು. ಇನ್ನು ಮೇಲೆ ಜನರೂ ಸೋಷಿಯಲ್ ಮೀಡಿಯಾದಲ್ಲಿ ಹುಡುಗಿಯರ ಫೋಟೊಗಳಿಗೆ ಅಂಕ ಕೊಡಬಹುದು, ಕಾಮೆಂಟ್ ಹಾಕಬಹುದು. ಆ ಕಾಮೆಂಟುಗಳನ್ನು ಒಪ್ಪಿಸೋಕೆ ಬ್ರಯಾನ್‌ಬಾಯ್ ಅನ್ನೋ ಫ್ಯಾಷನ್ ಬ್ಲಾಗರ್‌ನನ್ನು ಕೂರಿಸಿದರು. ಜನ ಮುಗಿಬಿದ್ದರು. ಮೂಗು ಸರಿ ಇಲ್ಲ, ನಡಿಗೆ ಸರಿ ಇಲ್ಲ, ಕಣ್ಣಲ್ಲಿ ಜೀವ ಇಲ್ಲ. ಮೇಡಂ ದುಡ್ಡು ತಗೊಂಡು ಮಾಡುತ್ತಿದ್ದ ಕೆಲಸವನ್ನು ಊರಿಗೆ ಊರೇ ರಾತ್ರಿ ನಿದ್ದೆಗೆಟ್ಟು, ತನ್ನದೇ ಇಂಟರ್ನೆಟ್ ಖರ್ಚಿನಲ್ಲಿ ಮಾಡಿಕೊಡಲು ಶುರುಮಾಡಿತು. ಕಾರ್ಮಿಕ ಇಲಾಖೆಯ ಆರು ಷರತ್ತಿನಲ್ಲಿ ಇವರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕಾಂಡೆ ನಾಸ್ಟ್‌ನ ಇಂಟರ್ನ್‌ಗಳಾದರೂ ರಾಜಿಯಲ್ಲಿ ತಲೆಗೆ ಕೆಲವು ನೂರು ಡಾಲರ್ ಎಣಿಸಿಕೊಂಡರು. ಇವರು ಅಂಕ ಕೊಟ್ಟು, ಲೈಕ್ ಒತ್ತಿ, ಮುಂದಿನ ವಾರ ಎಷ್ಟು ಗಂಟೆಗೆ ಬರಬೇಕು ಅಂತ ತಾವೇ ಕೇಳುತ್ತಿದ್ದರು.